ಅಣ್ಣನಿಗೆ ಪಿಂಚಣಿ, ತಮ್ಮನಿಗೆ ಎನ್‌ಪಿಎಸ್: ಲೆಕ್ಕ ಹೇಗೆ?

ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರದ ತರಗತಿಯಲ್ಲಿ ವಾರ್ಷಿಕ ಕಂತಿನ ಲೆಕ್ಕ ಮಾಡಿಸುತ್ತಿದ್ದೆ. ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ಕೇಳಿದಳು: "ಸರ್, ನಮ್ಮ ದೊಡ್ಡಪ್ಪನೂ ಮೇಷ್ಟ್ರು, ಅಬ್ಬಾನೂ ಮೇಷ್ಟ್ರು. ದೊಡ್ಡಪ್ಪನಿಗೆ ಸಂಬಳದ ಅರ್ಧ ಪಿಂಚಣಿ ಬರುತ್ತಂತೆ. ಅಬ್ಬಾನಿಗೆ ಎಷ್ಟು ಬರುತ್ತೆ ಅಂತ ಯಾರಿಗೂ ಗೊತ್ತಿಲ್ಲವಂತೆ. ಯಾಕೆ ಸರ್?" ಬೋರ್ಡಿನ ಮೇಲಿದ್ದ ಲೆಕ್ಕವನ್ನು ಅಳಿಸಿ ಅವತ್ತು ಇದನ್ನೇ ಮಾಡಿದೆವು. ಗಂಟೆ ಮುಗಿದರೂ ಲೆಕ್ಕ ಮುಗಿಯಲಿಲ್ಲ. ಉಳಿದದ್ದು ಇಲ್ಲಿದೆ.

ಮೊದಲು ಪದದ ಗೊಂದಲವೊಂದನ್ನು ಬಿಡಿಸಿಕೊಳ್ಳೋಣ. ರೂಪನಗುಡಿಯಲ್ಲಾಗಲಿ ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಾಗಲಿ ವಯಸ್ಸಾದವರಿಗೆ ತಿಂಗಳಿಗೆ 1,200 ರೂಪಾಯಿ ಬರುವ ಸಂಧ್ಯಾ ಸುರಕ್ಷಾ ಹಣಕ್ಕೂ ಜನ 'ಪಿಂಚಣಿ' ಎಂದೇ ಹೇಳುತ್ತಾರೆ. ಅದು ಸಾಮಾಜಿಕ ಭದ್ರತೆಯ ನೆರವು. ಎಲ್ಲರಿಗೂ ಒಂದೇ ಮೊತ್ತ, ಅದರಲ್ಲಿ ಲೆಕ್ಕ ಹಾಕುವುದಕ್ಕೆ ಏನೂ ಇಲ್ಲ. ನಾವು ನೋಡುತ್ತಿರುವುದು ಸರ್ಕಾರಿ ನೌಕರರ ನಿವೃತ್ತಿ ವೇತನ. ಇದು ಸಂಬಳ, ಸೇವಾ ಅವಧಿ ಮತ್ತು ವಂತಿಕೆ ಈ ಮೂರರ ಮೇಲೆ ನಿಂತಿದೆ.

ಇಲ್ಲಿ ಒಂದು ತೀರ್ಪನ್ನು ನೆನಪಿಡಬೇಕು. 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಡಿ.ಎಸ್. ನಕಾರ ಪ್ರಕರಣದಲ್ಲಿ, ಪಿಂಚಣಿ ಎನ್ನುವುದು ಸರ್ಕಾರ ಮನಸ್ಸು ಬಂದಾಗ ಕೊಡುವ ದಾನವಲ್ಲ, ನೌಕರ ದುಡಿದು ಗಳಿಸಿದ ಹಕ್ಕು ಎಂದು ಹೇಳಿತು. ಡಿಸೆಂಬರ್ 17ನ್ನು ಪಿಂಚಣಿದಾರರ ದಿನವೆಂದು ಆಚರಿಸುವುದು ಆ ಕಾರಣಕ್ಕೇ. ಹಕ್ಕು ಎಂದ ಮೇಲೆ ಅದರ ಲೆಕ್ಕವೂ ಹಕ್ಕುದಾರನಿಗೆ ಗೊತ್ತಿರಬೇಕಲ್ಲವೇ? ಆದರೆ ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿದ ಮೇಷ್ಟ್ರುಗಳೇ ತಮ್ಮ ಪಿಂಚಣಿಯ ಲೆಕ್ಕವನ್ನು ಕಚೇರಿಯ ಗುಮಾಸ್ತರಿಗೆ ಬಿಟ್ಟು ಕೂರುವುದನ್ನು ನಾನು ನೋಡಿದ್ದೇನೆ.

ದೊಡ್ಡಪ್ಪನ ಲೆಕ್ಕ

ಕರ್ನಾಟಕದಲ್ಲಿ 2006ರ ಏಪ್ರಿಲ್ 1ಕ್ಕಿಂತ ಮೊದಲು ಸೇವೆಗೆ ಸೇರಿದವರಿಗೆ ಹಳೆಯ ಪಿಂಚಣಿ. ಇದಕ್ಕಾಗಿ ನೌಕರನ ಸಂಬಳದಿಂದ ಒಂದು ಪೈಸೆಯೂ ಕಟಾಯಿಸುವುದಿಲ್ಲ. ಸಂಬಳದ ಚೀಟಿಯಲ್ಲಿ ಕಾಣುವ ಜಿಪಿಎಫ್ ಅವನದೇ ಉಳಿತಾಯ, ಕೆಜಿಐಡಿ ವಿಮೆ. ಎರಡಕ್ಕೂ ಪಿಂಚಣಿಗೂ ಸಂಬಂಧವಿಲ್ಲ. ಪಿಂಚಣಿಯ ಹಣ ಪ್ರತಿ ವರ್ಷ ರಾಜ್ಯದ ಬಜೆಟ್ಟಿನಿಂದ, ಅಂದರೆ ಈಗ ತೆರಿಗೆ ಕಟ್ಟುತ್ತಿರುವವರಿಂದ ಬರುತ್ತದೆ.

ಸೂತ್ರ ಸರಳ:

ಪಿಂಚಣಿ = ಕೊನೆಯ ಮೂಲ ವೇತನ × 1/2 × (ಅರ್ಹತಾದಾಯಕ ಸೇವೆಯ ಅರ್ಧವರ್ಷಗಳು ÷ 60)

ಮೂವತ್ತು ವರ್ಷಕ್ಕೆ 60 ಅರ್ಧವರ್ಷ. ಹಿಂದೆ ಪೂರ್ಣ ಪಿಂಚಣಿಗೆ 33 ವರ್ಷ ಬೇಕಿತ್ತು, ಈಗ 30 ಸಾಕು. 30ಕ್ಕಿಂತ ಹೆಚ್ಚು ದುಡಿದರೂ 60ಕ್ಕೇ ನಿಲ್ಲುತ್ತದೆ. ತಿಂಗಳ ಪಿಂಚಣಿ ಬರಬೇಕಾದರೆ ಕನಿಷ್ಠ 10 ವರ್ಷದ ಸೇವೆ ಇರಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೇಷ್ಟ್ರೊಬ್ಬರು 1990ರ ಆಗಸ್ಟ್ 12ರಂದು ಕೆಲಸಕ್ಕೆ ಸೇರಿ 2025ರ ಮೇ 31ರಂದು ನಿವೃತ್ತರಾದರು. ಸೇವೆ 34 ವರ್ಷ 9 ತಿಂಗಳು 20 ದಿನ. ಲೆಕ್ಕಕ್ಕೆ 30 ವರ್ಷ. ಕೊನೆಯ ಮೂಲ ವೇತನ 80,000 ರೂಪಾಯಿ ಎಂದಿಟ್ಟುಕೊಳ್ಳಿ. ಪಿಂಚಣಿ 80,000 × 1/2 × 60/60 = 40,000. ಇದರ ಮೇಲೆ ತುಟ್ಟಿಭತ್ಯೆ. 2025ರ ಜನವರಿಯಿಂದ ಅನ್ವಯವಾದ ಶೇ. 12.25ರ ದರದಲ್ಲಿ 4,900. ಒಟ್ಟು 44,900.

"ಸಂಬಳದ ಅರ್ಧ" ಎನ್ನುವ ಮಾತನ್ನು ಇಲ್ಲಿ ತಿದ್ದಿಕೊಳ್ಳಬೇಕು. ಅರ್ಧವಾಗುವುದು ಮೂಲ ವೇತನ ಮಾತ್ರ. ಮನೆ ಬಾಡಿಗೆ ಭತ್ಯೆ, ವೈದ್ಯಕೀಯ ಭತ್ಯೆ ಯಾವುದೂ ಸೇರುವುದಿಲ್ಲ. ಹಾಗಾಗಿ ಕೈಗೆ ಬರುತ್ತಿದ್ದ ಸಂಬಳಕ್ಕೆ ಹೋಲಿಸಿದರೆ ಪಿಂಚಣಿ ಅರ್ಧಕ್ಕಿಂತ ಕಡಿಮೆಯೇ. ಆದರೆ ತುಟ್ಟಿಭತ್ಯೆ ಏರಿದಂತೆಲ್ಲ ಅದೂ ಏರುತ್ತದೆ, ಹೊಸ ವೇತನ ಆಯೋಗ ಬಂದಾಗ ಮೂಲ ಪಿಂಚಣಿಯೂ ಪರಿಷ್ಕಾರವಾಗುತ್ತದೆ. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದಾಗ ಕನಿಷ್ಠ ಮೂಲ ವೇತನ 27,000, ಕನಿಷ್ಠ ಪಿಂಚಣಿ 13,500 ಆಯಿತು. 13,500 ಎಂದರೆ 27,000ದ ಸರಿಯಾಗಿ ಅರ್ಧ. ಸೂತ್ರ ಅಲ್ಲಿಯೂ ಕಾಣುತ್ತದೆ.

ಎರಡು ತಿಂಗಳಿನ ಬೆಲೆ

ಪೂರ್ಣ ಸೇವೆ ಇದ್ದವರ ಲೆಕ್ಕದಲ್ಲಿ ತಪ್ಪಾಗುವುದು ಕಡಿಮೆ. ತಡವಾಗಿ ಸೇರಿದವರದ್ದೇ ಕಷ್ಟ. ವಿಧವೆಯರಿಗಿರುವ ವಯೋಮಿತಿ ರಿಯಾಯಿತಿಯಲ್ಲಿ 37ನೇ ವಯಸ್ಸಿಗೆ ಗುಮಾಸ್ತರ ಕೆಲಸಕ್ಕೆ ಸೇರಿದ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಸೇರಿದ್ದು 2003ರ ಜನವರಿ 20, ನಿವೃತ್ತಿ 2025ರ ಮೇ 31, ಕೊನೆಯ ಮೂಲ ವೇತನ 60,000.

ಸೇವೆ 22 ವರ್ಷ 4 ತಿಂಗಳು 12 ದಿನ. ಅರ್ಧವರ್ಷಗಳಾಗಿ ಒಡೆಯುವಾಗ ನಿಯಮ ಇಷ್ಟು: ಉಳಿದ ಭಾಗ ಮೂರು ತಿಂಗಳು ಅಥವಾ ಹೆಚ್ಚಿದ್ದರೆ ಅದು ಒಂದು ಪೂರ್ತಿ ಅರ್ಧವರ್ಷ, ಮೂರು ತಿಂಗಳಿಗೆ ಕಡಿಮೆಯಿದ್ದರೆ ಸೊನ್ನೆ. 22 ವರ್ಷಕ್ಕೆ 44, ನಾಲ್ಕು ತಿಂಗಳಿಗೆ ಇನ್ನೊಂದು, ಒಟ್ಟು 45.

60,000 × 1/2 × 45/60 = 22,500 ರೂಪಾಯಿ.

ಈಗ ಅವರ ಸೇವಾ ಪುಸ್ತಕದಲ್ಲಿ 2009ರ ಎರಡು ತಿಂಗಳ ರಜೆಯೊಂದಕ್ಕೆ ಮಂಜೂರಾತಿ ಆದೇಶ ನಮೂದಾಗಿಲ್ಲ ಎನ್ನಿ. ಆದೇಶ ಆಗಿತ್ತು, ಹಾಳೆ ಕಳೆದುಹೋಗಿದೆ. ನಿವೃತ್ತಿಯ ಹೊತ್ತಿಗೆ ಕಡತ ಪರಿಶೀಲಿಸುವವರು ಆ ಎರಡು ತಿಂಗಳನ್ನು ಬಿಟ್ಟು ಎಣಿಸುತ್ತಾರೆ. ಸೇವೆ 22 ವರ್ಷ 2 ತಿಂಗಳು 12 ದಿನ. ಉಳಿದ ಭಾಗ ಮೂರು ತಿಂಗಳಿಗಿಂತ ಕಡಿಮೆ, ಆದ್ದರಿಂದ ಸೊನ್ನೆ. ಅರ್ಧವರ್ಷ 44. ಪಿಂಚಣಿ 22,000.

ತಿಂಗಳಿಗೆ 500, ವರ್ಷಕ್ಕೆ 6,000 ಮತ್ತು ಅದರ ಮೇಲಿನ ತುಟ್ಟಿಭತ್ಯೆ. ಇಪ್ಪತ್ತು ವರ್ಷ ಬದುಕಿದರೆ ಮೂಲ ಮೊತ್ತವೇ 1,20,000. ಒಂದು ಹಾಳೆಯ ಬೆಲೆ ಇದು. ಅದಕ್ಕೇ ನಾನು ಹೇಳುವುದು, ನಿಮ್ಮ ಮನೆಯಲ್ಲಿ ಸರ್ಕಾರಿ ನೌಕರರಿದ್ದರೆ ನಿವೃತ್ತಿಗೆ ಐದಾರು ವರ್ಷ ಇರುವಾಗಲೇ ಸೇವಾ ಪುಸ್ತಕ ನೋಡಿಕೊಳ್ಳಲು ಹೇಳಿ: ಪ್ರತಿ ವರ್ಷದ ಸೇವಾ ದೃಢೀಕರಣಕ್ಕೆ ಸಹಿ ಇದೆಯೇ, ರಜೆಗಳಿಗೆ ಆದೇಶ ಸಂಖ್ಯೆ ಇದೆಯೇ, ಅಮಾನತು ಅಥವಾ ಗೈರುಹಾಜರಿಯ ಅವಧಿ ಏನಾದರೂ ಇದ್ದರೆ ಅದನ್ನು ಹೇಗೆ ಪರಿಗಣಿಸಬೇಕೆಂದು ತೀರ್ಮಾನ ಆಗಿದೆಯೇ. ಕಡತ ಇಲಾಖೆಯಿಂದ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಹೋದ ಮೇಲೆ ಆಕ್ಷೇಪಣೆ ಬಂದರೆ, ಕಡತ ಓಡಾಡುವುದರಲ್ಲಿಯೇ ತಿಂಗಳುಗಟ್ಟಲೆ ಹೋಗುತ್ತದೆ. ಕಾಯುವವರು ಸಂಬಳವೂ ಇಲ್ಲದೆ ಪಿಂಚಣಿಯೂ ಇಲ್ಲದೆ ಕಾಯುತ್ತಾರೆ.

ಜೂನ್ ಒಂದರ ಹುಟ್ಟುಹಬ್ಬ

ನಮ್ಮ ಕಡೆ ಹಿರಿಯರಲ್ಲಿ ಅರ್ಧಕ್ಕರ್ಧ ಜನ ಜೂನ್ 1ರಂದು ಹುಟ್ಟಿದವರೇ! ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ದಿನಾಂಕ ಅದು. ನಗುವ ವಿಷಯವೇ, ಆದರೆ ಪಿಂಚಣಿಯಲ್ಲಿ ಅದಕ್ಕೂ ಅರ್ಥವಿದೆ. ರಾಜ್ಯ ನೌಕರ 60 ತುಂಬುವ ತಿಂಗಳಿನ ಕೊನೆಯ ದಿನ ನಿವೃತ್ತನಾಗುತ್ತಾನೆ. ಆದರೆ ತಿಂಗಳ ಒಂದನೇ ತಾರೀಖಿನಂದು ಹುಟ್ಟಿದವನು ಹಿಂದಿನ ತಿಂಗಳ ಕೊನೆಯ ದಿನವೇ ಮನೆಗೆ. 1965ರ ಜೂನ್ 1ರಂದು ಹುಟ್ಟಿದವರು 2025ರ ಮೇ 31ರಂದು ನಿವೃತ್ತರು. ಜೂನ್ 2ರಂದು ಹುಟ್ಟಿದವರಿಗೆ ಜೂನ್ 30ರವರೆಗೆ ಸಂಬಳ.

ಒಂದು ದಿನದ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಯಿತು, ಅದೂ ಕರ್ನಾಟಕದಿಂದಲೇ. ವರ್ಷವಿಡೀ ದುಡಿದು ವಾರ್ಷಿಕ ವೇತನ ಬಡ್ತಿಗೆ ಅರ್ಹನಾದ ನೌಕರ, ಅದು ಕೈಗೆ ಸೇರಬೇಕಾದ ದಿನದ ಹಿಂದಿನ ದಿನ ನಿವೃತ್ತನಾದರೆ ಬಡ್ತಿ ಸಿಗಬೇಕೋ ಬೇಡವೋ? ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ ಮತ್ತು ಅದರ ನಿವೃತ್ತ ನೌಕರ ಸಿ.ಪಿ. ಮುಂಡಿನಮನಿ ನಡುವಿನ ಪ್ರಕರಣದಲ್ಲಿ 2023ರ ಏಪ್ರಿಲ್ 11ರಂದು ತೀರ್ಪು ಬಂತು. ಒಂದು ವರ್ಷದ ಉತ್ತಮ ಸೇವೆಗೆ ಸಿಗುವ ಬಡ್ತಿಯನ್ನು ಮರುದಿನ ಅವನು ಸೇವೆಯಲ್ಲಿಲ್ಲ ಎಂಬ ಕಾರಣಕ್ಕೆ ಕಿತ್ತುಕೊಳ್ಳಲಾಗದು ಎಂದು ನ್ಯಾಯಾಲಯ ನೌಕರರ ಪರ ನಿಂತಿತು. ಆ ಬಡ್ತಿ 2,000 ರೂಪಾಯಿ ಎಂದುಕೊಂಡರೆ ಸೂತ್ರದಲ್ಲಿ ಪಿಂಚಣಿ 1,000 ಏರುತ್ತದೆ. ಕೊನೆಯ ಮೂಲ ವೇತನದ ಮೇಲೆ ಎಲ್ಲವೂ ನಿಂತಿರುವಾಗ ಆ ಕೊನೆಯ ದಿನಕ್ಕೆ ಜನ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಸಹಜ.

ಪರಿವರ್ತನೆ: ಈಗ ಬೇಕೋ, ಆಮೇಲೆ ಬೇಕೋ

ನಿವೃತ್ತರಾಗುವವರಿಗೆ ಇನ್ನೊಂದು ಆಯ್ಕೆ ಇದೆ. ಪಿಂಚಣಿಯ ಒಂದು ಭಾಗವನ್ನು, ರಾಜ್ಯದಲ್ಲಿ ಹೆಚ್ಚೆಂದರೆ ಮೂರನೇ ಒಂದು ಭಾಗವನ್ನು, ಬಿಟ್ಟುಕೊಟ್ಟು ಅದರ ಬದಲು ಇಡುಗಂಟು ಪಡೆಯಬಹುದು. 15 ವರ್ಷದ ನಂತರ ಬಿಟ್ಟ ಭಾಗ ಮರಳಿ ಸೇರುತ್ತದೆ. ಮಗಳ ಮದುವೆ, ಮನೆ, ಹಜ್‌ಗೆ ಹೋಗುವ ಆಸೆ. ಹೆಚ್ಚಿನವರು ಯೋಚಿಸದೆ ಸಹಿ ಹಾಕುತ್ತಾರೆ. ಲೆಕ್ಕ ಹಾಕಿ ಸಹಿ ಹಾಕಿದರೆ ಒಳ್ಳೆಯದು.

ಮೊತ್ತ = ಬಿಟ್ಟುಕೊಟ್ಟ ಪಿಂಚಣಿ × 12 × ಕೋಷ್ಟಕದ ಅಂಕಿ

ಕೋಷ್ಟಕದ ಅಂಕಿ ವಯಸ್ಸಿನ ಮೇಲೆ ಬದಲಾಗುತ್ತದೆ. ಕೇಂದ್ರ ಮತ್ತು ರಾಜ್ಯದ ಕೋಷ್ಟಕ ಬೇರೆ ಬೇರೆ, ವಿಧಾನ ಒಂದೇ. ಅಭ್ಯಾಸಕ್ಕೆ ಕೇಂದ್ರದ ಕೋಷ್ಟಕವನ್ನೇ ಬಳಸೋಣ: 60ಕ್ಕೆ ನಿವೃತ್ತರಾದವರಿಗೆ, ಅಂದರೆ ಮುಂದಿನ ಹುಟ್ಟುಹಬ್ಬಕ್ಕೆ 61 ಆಗುವವರಿಗೆ, 8.194. ನಮ್ಮ ಮೇಷ್ಟ್ರ 40,000ದಲ್ಲಿ ಮೂರನೇ ಒಂದು ಭಾಗ 13,333. ಇಡುಗಂಟು 13,333 × 12 × 8.194 = 13,11,007 ರೂಪಾಯಿ. ತಿಂಗಳ ಮೂಲ ಪಿಂಚಣಿ 26,667ಕ್ಕೆ ಇಳಿಯಿತು. ತುಟ್ಟಿಭತ್ಯೆ ಮಾತ್ರ ಪೂರ್ತಿ 40,000ದ ಮೇಲೆಯೇ ಬರುವುದರಿಂದ ಕೈಗೆ 26,667 + 4,900 = 31,567.

15 ವರ್ಷಕ್ಕೆ 180 ತಿಂಗಳು. 13,333 × 180 = ಸುಮಾರು 24 ಲಕ್ಷ. ಅಂದರೆ 13.11 ಲಕ್ಷ ತೆಗೆದುಕೊಂಡು 24 ಲಕ್ಷ ಬಿಟ್ಟುಕೊಟ್ಟ ಹಾಗೆ. ಸಾಲ ಎಂದು ಭಾವಿಸಿ ಬಡ್ಡಿ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು ಶೇ. 9 ಬೀಳುತ್ತದೆ. ಇದನ್ನು ನಮ್ಮ ಕಂತಿನ ಸೂತ್ರದಿಂದ ನೀವೇ ಪರೀಕ್ಷಿಸಬಹುದು: ತಿಂಗಳಿಗೆ ಶೇ. 0.75 ದರದಲ್ಲಿ 180 ಕಂತಿನ ಇಂದಿನ ಮೌಲ್ಯದ ಗುಣಕ 98.59; ನಮ್ಮದು 13,11,007 ÷ 13,333 = 98.33. ಆದರೆ ಸಾಲಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಪಿಂಚಣಿದಾರರು ಮಧ್ಯದಲ್ಲಿ ತೀರಿಕೊಂಡರೆ ಬಾಕಿ ಯಾರ ಮೇಲೂ ಬರುವುದಿಲ್ಲ, ಹೆಂಡತಿಯ ಕುಟುಂಬ ಪಿಂಚಣಿಯೂ ಕಡಿತವಾಗುವುದಿಲ್ಲ. ಆರೋಗ್ಯ ಸರಿಯಿಲ್ಲದವರಿಗೆ, ದುಬಾರಿ ಸಾಲ ತೀರಿಸಬೇಕಾದವರಿಗೆ ಇದು ಒಳ್ಳೆಯ ದಾರಿಯೇ. ಗಟ್ಟಿಮುಟ್ಟಾಗಿರುವವರು ಬರೀ "ಎಲ್ಲರೂ ತಗೊಳ್ತಾರೆ" ಎಂದು ತೆಗೆದುಕೊಂಡು ಊರ ನೆಂಟರಿಗೆ ಕೈಸಾಲ ಕೊಟ್ಟು ಕೂರುವುದು ನನಗಂತೂ ಸರಿ ಕಾಣುವುದಿಲ್ಲ.

ಕುಟುಂಬ ಪಿಂಚಣಿಯ ಸಾಮಾನ್ಯ ದರ ಕೊನೆಯ ಮೂಲ ವೇತನದ ಶೇ. 30. ನಮ್ಮ ಉದಾಹರಣೆಯಲ್ಲಿ 24,000 ಮತ್ತು ತುಟ್ಟಿಭತ್ಯೆ. 40,000 ಇದ್ದದ್ದು 24,000ಕ್ಕೆ ಇಳಿಯುತ್ತದೆ ಎಂಬುದು ಮನೆಯ ಹೆಂಗಸರಿಗೆ ಮೊದಲೇ ಗೊತ್ತಿರಬೇಕು. ಪಿಂಚಣಿ ಪುಸ್ತಕ ಎಲ್ಲಿದೆ, ಯಾವ ಬ್ಯಾಂಕು, ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಡಬೇಕು ಎಂಬುದೂ ಗೊತ್ತಿರಬೇಕು. ಹೆಸರಿನ ಅಕ್ಷರವೂ ಮುಖ್ಯ. ಆಧಾರಿನಲ್ಲಿ ಒಂದು, ಸೇವಾ ಪುಸ್ತಕದಲ್ಲಿ ಇನ್ನೊಂದು, ಪಡಿತರ ಚೀಟಿಯಲ್ಲಿ ಮತ್ತೊಂದು ಇದ್ದರೆ ಇದ್ದತ್ ಮುಗಿಯದ ಹೆಣ್ಣುಮಗಳಿಗೆ ಕಚೇರಿ ಸುತ್ತುವ ಕೆಲಸ ಬೀಳುತ್ತದೆ. ಬೀ, ಬೇಗಂ, ಬಾನು ಎಂದು ಒಂದೊಂದು ದಾಖಲೆಯಲ್ಲಿ ಒಂದೊಂದು ಬರೆಸಿದವರು ನಮ್ಮಲ್ಲಿ ಎಷ್ಟು ಮಂದಿ!

ತಮ್ಮನ ಲೆಕ್ಕ

2006ರ ಏಪ್ರಿಲ್ 1 ಮತ್ತು ಆಮೇಲೆ ಸೇರಿದವರಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಎಲ್ಲರ ಬಾಯಲ್ಲಿ ಎನ್‌ಪಿಎಸ್. ಆ ವಿದ್ಯಾರ್ಥಿನಿಯ ತಂದೆ ಸೇರಿದ್ದು 2008ರಲ್ಲಿ. ಕೆಲಸ ಅದೇ, ಪಠ್ಯಪುಸ್ತಕ ಅದೇ, ತಾರೀಖು ಬೇರೆ.

ಕೇಂದ್ರದಲ್ಲಿ ಈ ಗಡಿ 2004ರ ಜನವರಿ 1. ಹಾಗಾಗಿ ಗುಂತಕಲ್ಲಿನ ರೈಲ್ವೆಯಲ್ಲಿರುವ ನಮ್ಮವರಿಗೆ ಆ ದಿನಾಂಕ. ಪಕ್ಕದ ಆಂಧ್ರದಲ್ಲಿ 2004ರ ಸೆಪ್ಟೆಂಬರ್ 1. ಕೇರಳದಲ್ಲಿ 2013ರ ಏಪ್ರಿಲ್ 1, ಅಂದರೆ ಕಾಸರಗೋಡಿನ ಕನ್ನಡ ಶಾಲೆಯಲ್ಲಿ 2010ರಲ್ಲಿ ಸೇರಿದ ಮೇಷ್ಟ್ರಿಗೆ ಹಳೆಯ ಪಿಂಚಣಿ, ಅದೇ ವರ್ಷ ಬಳ್ಳಾರಿಯಲ್ಲಿ ಸೇರಿದವರಿಗೆ ಎನ್‌ಪಿಎಸ್. ಪಶ್ಚಿಮ ಬಂಗಾಳ ಈ ವ್ಯವಸ್ಥೆಗೆ ಸೇರಲೇ ಇಲ್ಲ. ನಮ್ಮ ರಾಜ್ಯದಲ್ಲೇ, ನೇಮಕಾತಿ ಅಧಿಸೂಚನೆ 2006ರ ಏಪ್ರಿಲ್ 1ಕ್ಕೆ ಮೊದಲು ಹೊರಬಿದ್ದು ನೇಮಕ ಮಾತ್ರ ತಡವಾದವರಿಗೆ ಹಳೆಯ ಪಿಂಚಣಿಗೆ ಮರಳಲು 2024ರ ಜನವರಿಯಲ್ಲಿ ಸರ್ಕಾರ ಅವಕಾಶ ಕೊಟ್ಟಿತು. ಮನೆಯಲ್ಲಿ ಹಳೆಯ ಅಧಿಸೂಚನೆಯ ಪ್ರತಿಗಳಿದ್ದರೆ ರದ್ದಿಗೆ ಹಾಕಬೇಡಿ ಎನ್ನುವುದು ಇದಕ್ಕೇ.

ಎನ್‌ಪಿಎಸ್‌ನಲ್ಲಿ ಸೂತ್ರ ತಲೆಕೆಳಗು. ಹಳೆಯದರಲ್ಲಿ ಕೊನೆಗೆ ಏನು ಬರುತ್ತದೆ ಎಂಬುದು ನಿಗದಿ, ಹಣ ಹೊಂದಿಸುವುದು ಸರ್ಕಾರದ ತಲೆನೋವು. ಇಲ್ಲಿ ಏನು ಕಟ್ಟುತ್ತೀರಿ ಎಂಬುದು ನಿಗದಿ, ಕೊನೆಗೆ ಏನು ಬರುತ್ತದೆ ಎಂಬುದು ಮಾರುಕಟ್ಟೆಗೆ ಬಿಟ್ಟದ್ದು. ನೌಕರ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10 ಕಟ್ಟುತ್ತಾನೆ, ಸರ್ಕಾರ ಶೇ. 14 ಸೇರಿಸುತ್ತದೆ. ಮೂಲ ವೇತನ 50,000 ಇದ್ದರೆ ಶೇ. 12.25ರಂತೆ ತುಟ್ಟಿಭತ್ಯೆ 6,125, ಒಟ್ಟು 56,125. ನೌಕರನ ಪಾಲು ಸುಮಾರು 5,613, ಸರ್ಕಾರದ್ದು ಸುಮಾರು 7,858. ಎರಡೂ ಸೇರಿ ತಿಂಗಳಿಗೆ 13,471 ರೂಪಾಯಿ ಅವರ ಪ್ರಾನ್ ಖಾತೆಗೆ ಹೋಗಬೇಕು. ಪ್ರಾನ್ ಎಂದರೆ 12 ಅಂಕಿಯ ಶಾಶ್ವತ ಖಾತೆ ಸಂಖ್ಯೆ. ಸರ್ಕಾರಿ ನೌಕರರ ಪೂರ್ವನಿಗದಿತ ಯೋಜನೆಯಲ್ಲಿ ಹೆಚ್ಚಿನ ಪಾಲು ಸಾಲಪತ್ರಗಳಿಗೂ ಸಣ್ಣ ಪಾಲು ಷೇರುಗಳಿಗೂ ಹೋಗುತ್ತದೆ. (ಇದರಲ್ಲಿ ಬಡ್ಡಿಯ ಪ್ರಶ್ನೆ ಬರುವುದಿಲ್ಲವೇ ಎಂದು ಕೆಲವು ವಿದ್ಯಾರ್ಥಿಗಳು ಕೇಳಿದರು. ವಂತಿಕೆ ಕಡ್ಡಾಯ ಎಂಬುದನ್ನೂ ಹೇಳಿ ಉಲಮಾರನ್ನೇ ಕೇಳಿ. ನಾನು ಲೆಕ್ಕದ ಮೇಷ್ಟ್ರು.)

60 ಆದಾಗ ಕೂಡಿದ ನಿಧಿಯಲ್ಲಿ ಕನಿಷ್ಠ ಶೇ. 40ನ್ನು ವಿಮಾ ಕಂಪನಿಗೆ ಕೊಟ್ಟು ಆನ್ಯುಟಿ ಕೊಳ್ಳಬೇಕು. ತಿಂಗಳ ಪಿಂಚಣಿ ಬರುವುದು ಅದರಿಂದ. ಉಳಿದದ್ದನ್ನು ನಗದಾಗಿ ಪಡೆಯಬಹುದು.

ಲೆಕ್ಕಕ್ಕಾಗಿ ಇಬ್ಬರ ಪಾಲೂ ಸೇರಿ ತಿಂಗಳಿಗೆ ಸರಾಸರಿ 10,000 ರೂಪಾಯಿ, 30 ವರ್ಷ ಎಂದಿಟ್ಟುಕೊಳ್ಳೋಣ. ನಿಜದಲ್ಲಿ ಮೊದಲು ಕಡಿಮೆ ಕಟ್ಟಿ ಕೊನೆಗೆ ಹೆಚ್ಚು ಕಟ್ಟುತ್ತಾರೆ, ಆದ್ದರಿಂದ ಇದು ಅಂದಾಜು ಮಾತ್ರ. ನಿಧಿ = 10,000 × [(1 + r)³⁶⁰ − 1] ÷ r, ಇಲ್ಲಿ r ತಿಂಗಳ ದರ.

ವರ್ಷಕ್ಕೆ ಶೇ. 6 ಬೆಳೆದರೆ ನಿಧಿ ಸುಮಾರು 1 ಕೋಟಿ 45 ಸಾವಿರ. ಶೇ. 8 ಆದರೆ 1 ಕೋಟಿ 49 ಲಕ್ಷ. ಶೇ. 10 ಆದರೆ 2 ಕೋಟಿ 26 ಲಕ್ಷ. ಕಟ್ಟಿದ್ದು ಮೂರರಲ್ಲೂ 36 ಲಕ್ಷವೇ. ಆನ್ಯುಟಿ ದರ ವರ್ಷಕ್ಕೆ ಶೇ. 6 ಎಂದುಕೊಂಡು ನಿಧಿಯ ಶೇ. 40ನ್ನು ಅದಕ್ಕೆ ಹಾಕಿದರೆ ತಿಂಗಳಿಗೆ ಬರುವುದು ಕ್ರಮವಾಗಿ ಸುಮಾರು 20,090, 29,807 ಮತ್ತು 45,210. ಒಂದೇ ಸಂಬಳ, ಒಂದೇ ದುಡಿಮೆ, ಮೂರು ಪಿಂಚಣಿ. ಆ ಹುಡುಗಿಯ ಮನೆಯಲ್ಲಿ "ಎಷ್ಟು ಬರುತ್ತೆ ಅಂತ ಗೊತ್ತಿಲ್ಲ" ಎಂದದ್ದು ಅಜ್ಞಾನದಿಂದಲ್ಲ, ಅದು ನಿಜವೇ.

ಇಲ್ಲಿ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಎನ್‌ಪಿಎಸ್ ಎಂದರೆ ಯಾವಾಗಲೂ ಕಡಿಮೆ ಎಂದು ಕೂಗುವವರು ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ಶೇ. 8ರ ಸಂದರ್ಭದಲ್ಲಿ ಇಡೀ 1.49 ಕೋಟಿಯನ್ನು ಆನ್ಯುಟಿಗೆ ಹಾಕಿದರೆ ತಿಂಗಳಿಗೆ 74,500ರಷ್ಟು ಬರುತ್ತದೆ. ತೊಂದರೆ ಇರುವುದು ಬೇರೆ ಕಡೆ. ಸಾಮಾನ್ಯ ಆನ್ಯುಟಿಗೆ ತುಟ್ಟಿಭತ್ಯೆ ಇಲ್ಲ. 60ನೇ ವಯಸ್ಸಿನ 29,807, 80ನೇ ವಯಸ್ಸಿನಲ್ಲೂ 29,807. ಬೆಲೆ ವರ್ಷಕ್ಕೆ ಶೇ. 6 ಏರಿದರೆ 12 ವರ್ಷದಲ್ಲಿ ಆ ಹಣದ ಬೆಲೆ ಅರ್ಧ. ಅಣ್ಣನ ಪಿಂಚಣಿ ಅಕ್ಕಿಯ ಬೆಲೆಯ ಜೊತೆ ನಡೆಯುತ್ತದೆ, ತಮ್ಮನದು ನಿಂತಲ್ಲೇ ನಿಲ್ಲುತ್ತದೆ. ನಿವೃತ್ತಿಯ ವರ್ಷವೇ ಮಾರುಕಟ್ಟೆ ಕುಸಿದರೆ ಅದೂ ತಮ್ಮನ ಹಣೆಬರಹ. ಮತ್ತೊಂದು ಬದಿಯಿಂದ ನೋಡಿದರೆ, ಹಳೆಯ ಪಿಂಚಣಿಗೆ ಯಾವ ನಿಧಿಯೂ ಇಲ್ಲ, ಸರ್ಕಾರಿ ಕೆಲಸವೇ ಇಲ್ಲದ ರೈತ, ಹಮಾಲಿ, ಬೀಡಿ ಕಟ್ಟುವ ಹೆಂಗಸು ಕೊಡುವ ತೆರಿಗೆಯೂ ಅದಕ್ಕೆ ಹೋಗುತ್ತದೆ. ಎರಡನ್ನೂ ಮುಂದಿಟ್ಟುಕೊಂಡು ಚರ್ಚಾಸ್ಪರ್ಧೆಯಲ್ಲಿ ಮಾತನಾಡಿ.

ತಮ್ಮನ ಲೆಕ್ಕದಲ್ಲಿ ಎಲ್ಲಕ್ಕಿಂತ ದುಬಾರಿ ತಪ್ಪು ತಡವಾದ ವಂತಿಕೆ. ಶೇ. 8ರ ದರದಲ್ಲಿ ಮೊದಲ ತಿಂಗಳು ಜಮೆಯಾದ 10,000 ರೂಪಾಯಿ 30 ವರ್ಷಕ್ಕೆ 1,09,357 ಆಗುತ್ತದೆ. ಅದೇ 10,000 ಇಪ್ಪತ್ತು ವರ್ಷ ತಡವಾಗಿ ಜಮೆಯಾದರೆ 22,196 ಮಾತ್ರ. ಹೊಸದಾಗಿ ಸೇರಿದವರಿಗೆ ಪ್ರಾನ್ ಸಂಖ್ಯೆ ಬರುವುದು ತಡವಾದರೆ, ಸಂಬಳದಲ್ಲಿ ಕಟಾವಾದ ಹಣ ಖಾತೆಗೆ ಸೇರದೆ ಉಳಿದರೆ, ನಷ್ಟ ಆ ತಿಂಗಳದ್ದಲ್ಲ, ಮೂವತ್ತು ವರ್ಷದ್ದು. ಅಬ್ಬಾನ ಮೊಬೈಲಿನಲ್ಲಿ ಎನ್‌ಪಿಎಸ್ ಆ್ಯಪ್ ತೆರೆದು ಸಂಬಳದ ಚೀಟಿಗೂ ಖಾತೆಯ ಜಮೆಗೂ ತಿಂಗಳು ತಿಂಗಳು ತಾಳೆ ಹಾಕುವುದು ನಿಮ್ಮಂಥ ವಾಣಿಜ್ಯ ವಿದ್ಯಾರ್ಥಿಗಳಿಗೆ ಹತ್ತು ನಿಮಿಷದ ಕೆಲಸ. ಬ್ಯಾಂಕ್ ಹೊಂದಾಣಿಕೆ ತಖ್ತೆಯನ್ನು ಬೇರೆ ಯಾತಕ್ಕೆ ಕಲಿಯುತ್ತಿದ್ದೀರಿ? ನಾಮನಿರ್ದೇಶನವನ್ನೂ ನೋಡಿ. ಮದುವೆಗೆ ಮೊದಲು ಬರೆದ ಹೆಸರೇ ಈಗಲೂ ಇದ್ದರೆ ಬದಲಿಸಬೇಕು. 2018ರಲ್ಲಿ ರಾಜ್ಯ ಸರ್ಕಾರ ಎನ್‌ಪಿಎಸ್ ನೌಕರರಿಗೂ ಉಪದಾನ ಮತ್ತು ಸೇವೆಯಲ್ಲಿದ್ದಾಗಲೇ ತೀರಿಕೊಂಡರೆ ಕುಟುಂಬ ಪಿಂಚಣಿಯನ್ನು ವಿಸ್ತರಿಸಿತು. ಇದು ಎಷ್ಟೋ ಮನೆಗಳಿಗೆ ತಿಳಿದೇ ಇಲ್ಲ.

ನಡುವಿನ ದಾರಿ, ಮತ್ತು ನಮ್ಮಂಥವರ ದಾರಿ

ಕೇಂದ್ರ ಸರ್ಕಾರ 2025ರ ಏಪ್ರಿಲ್ 1ರಿಂದ ತನ್ನ ನೌಕರರಿಗೆ ಏಕೀಕೃತ ಪಿಂಚಣಿ ಯೋಜನೆಯ ಆಯ್ಕೆ ಕೊಟ್ಟಿದೆ. ವಂತಿಕೆಯೂ ಉಂಟು, ಖಾತರಿಯೂ ಉಂಟು. ನೌಕರ ಶೇ. 10 ಕಟ್ಟುತ್ತಾನೆ. 25 ವರ್ಷ ಸೇವೆಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ. ಕಡಿಮೆ ಸೇವೆಗೆ ತಿಂಗಳುಗಳನ್ನು 300ರಿಂದ ಭಾಗಿಸಬೇಕು. ಸರಾಸರಿ 60,000, ಸೇವೆ 20 ವರ್ಷ ಅಂದರೆ 240 ತಿಂಗಳು: 30,000 × 240/300 = 24,000, ಮೇಲೆ ತುಟ್ಟಿ ಪರಿಹಾರ. ಹತ್ತು ವರ್ಷ ಪೂರೈಸಿದವರಿಗೆ ಕನಿಷ್ಠ 10,000. ನಮ್ಮ ಗುಮಾಸ್ತ ತಾಯಿಯ ಲೆಕ್ಕದಲ್ಲಿ ಕೊನೆಯ ದಿನದ ವೇತನ ಮುಖ್ಯ, ಇಲ್ಲಿ ಕೊನೆಯ ವರ್ಷದ ಸರಾಸರಿ ಮುಖ್ಯ ಎಂಬ ವ್ಯತ್ಯಾಸ ಗಮನಿಸಿ.

ಅನುದಾನವಿಲ್ಲದ ಖಾಸಗಿ ಸಂಸ್ಥೆಗಳ ಬೋಧಕರಿಗೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುವ ನಿಮ್ಮ ಅಣ್ಣಂದಿರಿಗೆ ಇವು ಯಾವುವೂ ಅಲ್ಲ. ಭವಿಷ್ಯನಿಧಿಯಲ್ಲಿರುವವರಿಗೆ 1995ರ ನೌಕರರ ಪಿಂಚಣಿ ಯೋಜನೆ. ಮಾಲೀಕರ ವಂತಿಕೆಯಲ್ಲಿ ವೇತನದ ಶೇ. 8.33 ಇದಕ್ಕೆ ಹೋಗುತ್ತದೆ. ಲೆಕ್ಕಕ್ಕೆ ವೇತನದ ಮಿತಿ 15,000, ಆದ್ದರಿಂದ ತಿಂಗಳಿಗೆ ಹೆಚ್ಚೆಂದರೆ 1,250.

ಪಿಂಚಣಿ = (ಕೊನೆಯ 60 ತಿಂಗಳ ಸರಾಸರಿ ವೇತನ × ಸೇವೆಯ ವರ್ಷಗಳು) ÷ 70

20 ವರ್ಷ ಪೂರೈಸಿದವರಿಗೆ ಎರಡು ವರ್ಷ ಹೆಚ್ಚುವರಿ. 22 ವರ್ಷ ದುಡಿದವರಿಗೆ 15,000 × 24 ÷ 70 = 5,143 ರೂಪಾಯಿ, 58ನೇ ವಯಸ್ಸಿನಿಂದ. ಇದಕ್ಕೂ ತುಟ್ಟಿಭತ್ಯೆ ಇಲ್ಲ. 22 ವರ್ಷ ಸೇವೆಯ ಗುಮಾಸ್ತರಿಗೆ 22,500, ಅಷ್ಟೇ ವರ್ಷ ದುಡಿದ ಖಾಸಗಿ ಬೋಧಕನಿಗೆ 5,143. ಸ್ಟಾಫ್ ರೂಮಿನಲ್ಲಿ ಈ ಲೆಕ್ಕ ಹಾಕಿ ತೋರಿಸಿದಾಗ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಬ್ಬರು ತಮ್ಮ ಪಿಎಫ್ ಪಾಸ್‌ಬುಕ್ ತೆರೆದು ನೋಡಿದರು. ಹಿಂದಿನ ಕೆಲಸದ ಮೂರು ವರ್ಷ ಹೊಸ ಖಾತೆಗೆ ವರ್ಗವಾಗಿರಲೇ ಇಲ್ಲ. ಆ ಮೂರು ವರ್ಷದ ಬೆಲೆ 15,000 × 3 ÷ 70, ತಿಂಗಳಿಗೆ 643 ರೂಪಾಯಿ. ವರ್ಗಾವಣೆಯ ಅರ್ಜಿಯನ್ನು ಅಲ್ಲೇ ಕೂತು ತುಂಬಿದರು.

ಮನೆಯಲ್ಲಿ ಮಾಡಿ ನೋಡಿ

1. ಕೊನೆಯ ಮೂಲ ವೇತನ 72,000. ಸೇವೆಗೆ ಸೇರಿದ್ದು 1998ರ ನವೆಂಬರ್ 5, ನಿವೃತ್ತಿ 2025ರ ಜುಲೈ 31. ಹಳೆಯ ಪಿಂಚಣಿಯ ಮೊತ್ತವೆಷ್ಟು? ಇವರು ನಾಲ್ಕು ದಿನ ಮೊದಲು, ನವೆಂಬರ್ 1ರಂದೇ ಸೇರಿದ್ದರೆ ಎಷ್ಟಾಗುತ್ತಿತ್ತು?

2. ಮೂಲ ವೇತನ 44,000, ತುಟ್ಟಿಭತ್ಯೆ ಶೇ. 12.25. ಎನ್‌ಪಿಎಸ್‌ಗೆ ನೌಕರನ ಪಾಲು, ಸರ್ಕಾರದ ಪಾಲು, ಒಟ್ಟು ಜಮೆ ಬರೆಯಿರಿ.

3. ಪಿಂಚಣಿ 30,000 ಇರುವವರು ಮೂರನೇ ಒಂದು ಭಾಗ ಪರಿವರ್ತಿಸಿದರೆ, 8.194ರ ಕೋಷ್ಟಕದಂತೆ, ಇಡುಗಂಟು ಎಷ್ಟು? ಎಷ್ಟನೇ ತಿಂಗಳಿಗೆ ಬಿಟ್ಟುಕೊಟ್ಟ ಹಣ, ಬಡ್ಡಿ ಹಿಡಿಯದೆ, ಇಡುಗಂಟಿಗೆ ಸಮನಾಗುತ್ತದೆ?

ಉತ್ತರಗಳು: (1) 53 ಅರ್ಧವರ್ಷ, 31,800, ನವೆಂಬರ್ 1 ಆಗಿದ್ದರೆ 54 ಅರ್ಧವರ್ಷ, 32,400. (2) 49,390ರ ಮೇಲೆ 4,939, 6,914.60, ಒಟ್ಟು 11,853.60. (3) 9,83,280, 99ನೇ ತಿಂಗಳು. ಮೊದಲನೆಯದರಲ್ಲಿ 54 ಎಂದು ಬರೆದವರು ಎಂಟು ತಿಂಗಳಲ್ಲಿ ಆರನ್ನು ಕಳೆದು ಉಳಿದದ್ದನ್ನು ಮತ್ತೊಮ್ಮೆ ಎಣಿಸಿ. ಮೂರು ತಿಂಗಳಾಗಲು ಕೆಲವೇ ದಿನ ಕಡಿಮೆ ಬಿದ್ದಿವೆ.